ಕ್ಯಾಮೆರಾಕ್ಕೆ ಒಂದು ದಿನ ರಜ

ನಮ್ಮ ಮನೆಯಲ್ಲಿ ಮಗಳು ಉಗುರಿಗೆ ಬಣ್ಣ ಹಚ್ಚಿಕೊಳ್ಳಲು ಕೂತರೆ ಮೊದಲು ಕಿಟಕಿ ತೆಗೆಯಬೇಕೆಂಬುದು ಕಾನೂನು. ಕಾನೂನು ಮಾಡಿದವಳು ನಾನು, ಕದ್ದು ಮುರಿಯುವವಳೂ ನಾನೇ. ಈ ಶನಿವಾರ ಮಧ್ಯಾಹ್ನ ಶ್ರಾವ್ಯ ಸೋಫಾದ ಮೇಲೆ ಕಾಲು ಮಡಿಚಿ ಕೂತು ಸೀಸೆಯ ಮುಚ್ಚಳ ತಿರುಗಿಸಿದ್ದೇ ತಡ, ಮಡಿಚುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಅವಳ ಪಕ್ಕಕ್ಕೆ ಹೋಗಿ ಕೂತೆ. ಅವಳು ಓರೆಗಣ್ಣಿನಲ್ಲಿ ನೋಡಿ, "ಅಮ್ಮಾ, ಯು ಆರ್ ಸ್ನಿಫಿಂಗ್ ಇಟ್ ಅಗೇನ್" ಅಂದಳು. ಹೌದು, ಮೂಸುತ್ತಿದ್ದೆ. ಮುಚ್ಚುಮರೆ ಏನು ಬಂತು? ಬೇರೆಯವರಿಗೆ ಮಲ್ಲಿಗೆಯೋ ಮಳೆಯ ಮಣ್ಣೋ ಹಳೆಯದನ್ನು ನೆನಪಿಸುತ್ತದಂತೆ. ದೇವರು ನನ್ನ ಪಾಲಿಗೆ ಇಟ್ಟದ್ದು ಉಗುರು ಬಣ್ಣದ ಘಾಟು. ಕೊಟ್ಟದ್ದನ್ನು ಬೇಡ ಅನ್ನಬಾರದು.

ಆ ಘಾಟಿನ ಹಿಂದೆ ಅಡಿಲೇಡಿನ ಒಂದು ತಗಡಿನ ಶೆಡ್ಡಿದೆ. ಶೆಡ್ಡಿನೊಳಗೆ ಕೆನ್ ಅಂಕಲ್ ಇದ್ದಾರೆ. ಅವರ ಹಿಂದೆ ವಿಕ್ಟೋರಿಯಾ ರಾಣಿಯ ಕಾಲದ ಭಾರೀ ವಸ್ತುಪ್ರದರ್ಶನಗಳ ಫೋಟೋಗಳು, ಅಮೃತಶಿಲೆಯ ವಿಗ್ರಹಗಳು, ಆ ವಿಗ್ರಹಗಳ ನಡುವೆ ಹೇಗೋ ಬಂದು ಸೇರಿಕೊಂಡ ನಮ್ಮ ಅತ್ತೆ. ಎತ್ತಣಿಂದೆತ್ತ ಅಂತ ನಿಮಗೆ ಅನ್ನಿಸಬಹುದು. ನಿಧಾನವಾಗಿ ಹೇಳುತ್ತೇನೆ. ಬಟ್ಟೆ ಮಡಿಚುವುದು ಹೇಗೂ ಬಾಕಿ ಇದೆ, ಈ ಬೆಡ್‌ಶೀಟಿನ ಒಂದು ತುದಿ ನೀವು ಹಿಡಿದುಕೊಳ್ಳಿ.

ನಮ್ಮವರದು ಗಣಿಗಳ ಪಂಪು ನೋಡಿಕೊಳ್ಳುವ ಇಂಜಿನಿಯರ್ ಕೆಲಸ. ಪಂಪು ಎಲ್ಲಿಗೆ ಕರೆದರೆ ಅಲ್ಲಿಗೆ ನಮ್ಮ ಸಂಸಾರ. ಮೊದಲು ಪರ್ತಿನ ಎಲೆನ್‌ಬ್ರೂಕು, ಆಮೇಲೆ ಅಡಿಲೇಡು, ಈಗ ಬ್ರಿಸ್ಬೇನಿನ ನಾರ್ತ್ ಲೇಕ್ಸು. ಎಲೆನ್‌ಬ್ರೂಕಿನ ಮನೆಗಳು ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ ಒಂದರಂತೆ ಒಂದು. ಹೋದ ಹೊಸದರಲ್ಲಿ ನಾನು ಪಕ್ಕದ ಬೀದಿಯ ಯಾರದೋ ಬಾಗಿಲಿಗೆ ನಮ್ಮ ಬೀಗದಕೈ ತುರುಕಿ ತಿರುಗಿಸುತ್ತ ನಿಂತಿದ್ದೆ. ಆ ಮನೆಯಾಕೆ ಬಾಗಿಲು ತೆಗೆದು, ಒಳಗೆ ಕರೆದು, ಟೀ ಕೊಟ್ಟು ಕಳಿಸಿದಳು. ಅಂದಿನ ದೀಪಕ್ಕೆ ನಮಸ್ಕಾರ ಮಾಡುವಾಗ ಆಕೆಯನ್ನೂ ಸೇರಿಸಿಕೊಂಡೆ. ಹೀಗೆ ಊರು ಬದಲಾದಾಗಲೆಲ್ಲ ಸೋಫಾ ಮಾರುತ್ತೇವೆ, ಕರಿಬೇವಿನ ಕುಂಡ ಯಾರಿಗಾದರೂ ಒಪ್ಪಿಸುತ್ತೇವೆ. ಬಿಡದೆ ಜೊತೆಗೆ ಬರುವುದು ದೇವರ ಪೆಟ್ಟಿಗೆ ಮತ್ತು ಅತ್ತೆಯ ಗೊಂಬೆಗಳ ಟ್ರಂಕು.

ಆ ಟ್ರಂಕು ಅತ್ತೆಯ ಜೊತೆ ಮೈಸೂರಿನಿಂದ ಪರ್ತಿಗೆ ಬಂದಿಳಿದದ್ದೇ ಒಂದು ಕಥೆ. ಈ ದೇಶದೊಳಕ್ಕೆ ಮರದ ಸಾಮಾನು ತಂದರೆ ಏರ್‌ಪೋರ್ಟಿನಲ್ಲಿ ತೋರಿಸಬೇಕು. ಹುಳು ಕೊರೆದ ತೂತೇನಾದರೂ ಕಂಡರೆ ಬಿಡುವುದಿಲ್ಲ. ಅಧಿಕಾರಿ ಹುಡುಗಿ ಕೈಗವಸು ಹಾಕಿಕೊಂಡು ಪಟ್ಟದ ಗೊಂಬೆಗಳನ್ನು, ಅಂದರೆ ಮರದ ರಾಜ ರಾಣಿಯನ್ನು, ಮೇಲೆತ್ತಿ ಟಾರ್ಚು ಬಿಟ್ಟು ನೋಡಿದಳಂತೆ. ರಾಣಿಯ ಜರಿ ಸೀರೆಯನ್ನು ಸ್ವಲ್ಪ ಸರಿಸಬೇಕಾಯಿತು. ಅತ್ತೆಗೆ ಸಹಿಸಲಾಗಲಿಲ್ಲ. "ಹೆಣ್ಮಗಳು ಕಣಮ್ಮಾ, ಅಷ್ಟು ಜನದ ಮುಂದೆ ಹಾಗೆಲ್ಲ ನೋಡ್ಬೇಡ" ಎಂದು ಕನ್ನಡದಲ್ಲೇ ಗದರಿದರಂತೆ. ಆ ಹುಡುಗಿಗೆ ಏನು ಅರ್ಥವಾಯಿತೋ, ಸೀರೆ ಸರಿಮಾಡಿ ಎರಡು ಕೈಯಲ್ಲೂ ಹಿಡಿದು ವಾಪಸ್ಸು ಕೊಟ್ಟಳು. ಶೆಟ್ಟಿ ಗೊಂಬೆಯ ಅಂಗಡಿಗೆಂದು ತಂದಿದ್ದ ಕಾಳುಕಡಿ ಮಾತ್ರ ಕಸದ ಡಬ್ಬಿಗೆ ಹೋಯಿತು. ಅಂದಿನಿಂದ ನಮ್ಮ ಶೆಟ್ಟರು ಆಸ್ಟ್ರೇಲಿಯಾದ ಕಡಲೆಯನ್ನೇ ಮಾರಿಕೊಂಡು ಸುಖವಾಗಿದ್ದಾರೆ.

ಪಟ್ಟದ ಗೊಂಬೆ ಅತ್ತೆಗೆ ಮದುವೆಯಲ್ಲಿ ತವರಿನವರು ಕೊಟ್ಟದ್ದು. ನವರಾತ್ರಿಯ ಮೊದಲ ದಿನ ರಾಜ ರಾಣಿಯನ್ನು ಮೇಲಿನ ಮೆಟ್ಟಿಲಿಗೆ ಏರಿಸುವ ಕೆಲಸ ಬೇರೆ ಕೈಗೆ ಹೋದದ್ದೇ ಇಲ್ಲ. ಇನ್ನೂ ಮೈಸೂರಿನಲ್ಲಿದ್ದಾಗ, ಮಾವ ತೀರಿಕೊಂಡ ಮೇಲೆ ಬಂದ ನವರಾತ್ರಿಯಲ್ಲಿ ನೆಂಟರು, ಇನ್ನು ಅದನ್ನು ಸೊಸೆ ಮಾಡಲಿ, ಮುತ್ತೈದೆಯ ಕೈ ಆಗಬೇಕಲ್ಲ ಎಂದು ಸೂಕ್ಷ್ಮವಾಗಿ ಹೇಳಿ ನೋಡಿದರು. ಅತ್ತೆ ಸೂಕ್ಷ್ಮಕ್ಕೆ ಸಿಗುವವರಲ್ಲ. ಇವರಿಗೆ ಸೀರೆ ಪಂಚೆ ಉಡಿಸಿ ಬೆಳೆಸಿದವಳು ನಾನು, ತಾಯಿಯ ಕೈಗೆ ಅದ್ಯಾವ ಶಾಸ್ತ್ರ ಎಂದು ಕೇಳಿ, ಎಲ್ಲರೂ ನೋಡುತ್ತಿದ್ದಂತೆ ಇಬ್ಬರನ್ನೂ ಎತ್ತಿ ಕೂರಿಸಿಯೇಬಿಟ್ಟರು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲಿದ್ದೆ. ಮನಸ್ಸಿನೊಳಗೇ ಚಪ್ಪಾಳೆ ತಟ್ಟಿದೆ. ಕೈ ಖಾಲಿ ಇದ್ದಿದ್ದರೆ ಹೊರಗೂ ತಟ್ಟುತ್ತಿದ್ದೆನೋ ಏನೋ, ಅಷ್ಟು ಧೈರ್ಯ ನನಗಿದೆಯೆಂದು ಹೇಳಲಾರೆ.

ಇನ್ನು ಅಡಿಲೇಡು. ನಾವು ಬಾಡಿಗೆಗೆ ಹಿಡಿದ ಮನೆಯ ಪಕ್ಕದಲ್ಲಿ ಒಬ್ಬ ಮುದುಕರು ಒಬ್ಬರೇ ಇದ್ದರು. ಮಧ್ಯಾಹ್ನವಾದರೆ ಅವರ ಹಿತ್ತಿಲ ಶೆಡ್ಡಿನಿಂದ ಬೇಲಿ ದಾಟಿ ಘಾಟು ಬರುತ್ತಿತ್ತು. ಆಸ್ಪತ್ರೆಯಂತೆಯೂ ಇತ್ತು, ಬ್ಯೂಟಿ ಪಾರ್ಲರಿನಂತೆಯೂ ಇತ್ತು. ನಮ್ಮವರು ಟಿವಿಯಲ್ಲಿ ಪೊಲೀಸು ಕಾರ್ಯಕ್ರಮಗಳನ್ನು ತಪ್ಪದೆ ನೋಡುವವರು. ಇದು ಮಾದಕವಸ್ತು ಬೇಯಿಸುವ ಜಾಗವೇ ಸರಿ ಎಂದು ತೀರ್ಮಾನಿಸಿ, ನನಗೂ ಮಗಳಿಗೂ ಆ ಬೇಲಿಯ ಕಡೆ ತಲೆಹಾಕಬೇಡಿ ಎಂದು ತಾಕೀತು ಮಾಡಿದರು. ಅತ್ತೆಗೆ ಹೇಳುವುದನ್ನು ಮರೆತರು. ಮರುದಿನವೇ ಅತ್ತೆ ಬೇಲಿಯ ಮೇಲಿನಿಂದ ಕೋಡುಬಳೆ ದಾಟಿಸಿ, ವಾಪಸ್ಸು ಬಂದು, ಪಾಪ ಆ ಮನುಷ್ಯನ ಬೆರಳೆಲ್ಲ ಕರ್ರಗಾಗಿದೆ, ಹೆಂಡತಿ ಇಲ್ಲದ ಮನೆ, ಪಾತ್ರೆ ಉಜ್ಜಿ ಉಜ್ಜಿ ಹಾಗಾಗಿರಬೇಕು ಎಂದು ವರದಿ ಒಪ್ಪಿಸಿದರು.

ಬೆರಳು ಕಪ್ಪಾಗಿದ್ದದ್ದು ಬೆಳ್ಳಿಯ ದ್ರಾವಣದಿಂದ. ಕೆನ್ ಅಂಕಲ್ ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು. ತಮ್ಮ ಕೈಯಿಂದಲೇ ಮರದ ದೊಡ್ಡ ಕ್ಯಾಮೆರಾ ಮಾಡಿಕೊಂಡು, ವಿಕ್ಟೋರಿಯಾ ಕಾಲದವರ ಹಾಗೆ ಗಾಜಿನ ಹಲಗೆಯ ಮೇಲೆ ಫೋಟೋ ತೆಗೆಯುತ್ತಿದ್ದರು. ಗಾಜಿಗೆ ಜೇನಿನಂಥ ಒಂದು ಅಂಟು ಸುರಿದು, ಬೆಳ್ಳಿಯ ನೀರಿನಲ್ಲಿ ಅದ್ದಿ, ಅದು ಒಣಗುವ ಮೊದಲೇ ಫೋಟೋ ತೆಗೆದು ತೊಳೆದು ಮುಗಿಸಬೇಕು. ನನ್ನ ದೋಸೆ ಹಿಟ್ಟಿಗೂ ಇಷ್ಟು ಅವಸರವಿಲ್ಲ. ಘಾಟು ಆ ಅಂಟಿನದು. ಉಗುರು ಬಣ್ಣವೂ ಅದೇ ವಂಶದ್ದಂತೆ. ಇದನ್ನು ಕೇಳಿ ನಮ್ಮವರು ನಿರಾಳವಾದರು, ಒಳಗೊಳಗೆ ಕೊಂಚ ನಿರಾಸೆಯೂ ಆಯಿತೆಂದು ನನ್ನ ಗುಮಾನಿ.

ಫೋಟೋ ತೆಗೆಯುವುದಕ್ಕಿಂತ ಹೆಚ್ಚಾಗಿ ಹಳೆಯವನ್ನು ಕೂಡಿಸಿಡುವ ಹುಚ್ಚು ಕೆನ್ ಅಂಕಲಿಗೆ. ದಪ್ಪ ರಟ್ಟಿನ ಮೇಲೆ ಒಂದೇ ಥರದ ಎರಡು ಚಿತ್ರ ಅಕ್ಕಪಕ್ಕ ಅಂಟಿಸಿರುತ್ತಾರೆ. ಅದನ್ನು ಕನ್ನಡಕದಂಥ ಮರದ ಪೆಟ್ಟಿಗೆಯಲ್ಲಿ ಸಿಕ್ಕಿಸಿ ಮೂಗಿಗೆ ಹಿಡಿದರೆ ಎರಡೂ ಸೇರಿ ಒಂದಾಗಿ, ಕಂಬ ಮುಂದಕ್ಕೆ ಬಂದು ನಿಲ್ಲುತ್ತದೆ, ಗೋಡೆ ಹಿಂದಕ್ಕೆ ಹೋಗುತ್ತದೆ. ನೀವು ಕೈಚಾಚಿದರೆ ಕಾರಂಜಿಯ ನೀರು ತಗಲುತ್ತದೇನೋ ಅನ್ನಿಸುತ್ತದೆ. ನಾನು ನಿಜಕ್ಕೂ ಕೈಚಾಚಿ ಅವರ ಟೀ ಕಪ್ಪು ಉರುಳಿಸಿದೆ. ಲಂಡನ್ನಿನ ಗಾಜಿನ ಅರಮನೆ, ಕಬ್ಬಿಣದ ಕಮಾನುಗಳ ಉದ್ದಾನುದ್ದ ಹಜಾರಗಳು, ಜರೀಗಿಡದ ಕುಂಡಗಳು, ಅವುಗಳ ನಡುವೆ ಸಾಲುಸಾಲಾಗಿ ಬೆಳ್ಳನೆಯ ವಿಗ್ರಹಗಳು. ಅಡಿಲೇಡಿನಲ್ಲೂ ಅಂಥದೊಂದು ಪ್ರದರ್ಶನ ಭವನವಿತ್ತಂತೆ, ಕೆಡವಿದರಂತೆ. ಅದನ್ನು ಹೇಳುವಾಗ ಕೆನ್ ಅಂಕಲ್ ಧ್ವನಿ, ಮನೆಯವರು ಯಾರೋ ಹೋದವರ ಹಾಗೆ ಇಳಿಯುತ್ತಿತ್ತು.

ಅತ್ತೆಗೆ ಈ ಪೆಟ್ಟಿಗೆಯ ರುಚಿ ಹತ್ತಿತು. ವಾರಕ್ಕೊಂದು ಮಧ್ಯಾಹ್ನ ಪಕ್ಕದ ಮನೆಯ ವರಾಂಡದಲ್ಲಿ ಕೂರುವುದು ರೂಢಿಯಾಯಿತು. ಕೆನ್ ಅಂಕಲ್ ಅದಕ್ಕೆ 'ಎಕ್ಸಿಬಿಷನ್ ಆರ್ವೋ', ಅಂದರೆ ಪ್ರದರ್ಶನದ ಮಧ್ಯಾಹ್ನ, ಎಂದು ಹೆಸರಿಟ್ಟರು. ಪೆಟ್ಟಿಗೆಯನ್ನು ಅತ್ತೆಯ ಕಣ್ಣಿಗೆ ನಾನು ಹಿಡಿಯುತ್ತಿದ್ದೆ, ಕಾರ್ಡು ಶ್ರಾವ್ಯ ಬದಲಾಯಿಸುತ್ತಿದ್ದಳು, ಎರಡು ಭಾಷೆಯ ನಡುವೆ ಓಡಾಟವೂ ಅವಳದೇ. ಬಟ್ಟೆಯಿಲ್ಲದ ಅಮೃತಶಿಲೆಯ ಹೆಂಗಸರು ಒಬ್ಬರ ಹಿಂದೊಬ್ಬರು ಬಂದಾಗ ನಾನು ಕಾರ್ಡು ಬೇಗ ಬದಲಾಯಿಸು ಎಂದು ಮಗಳಿಗೆ ಸನ್ನೆ ಮಾಡಿದೆ. ಅತ್ತೆ ಬಿಡಲಿಲ್ಲ. ಚೆನ್ನಾಗಿ ನೋಡಿ, ಪಕ್ಕದ ಅಂಗಡಿಯಲ್ಲಿ ಅಷ್ಟೊಂದು ರೇಷ್ಮೆ ಥಾನು ಪೇರಿಸಿದ್ದಾರಲ್ಲ, ಇವರಿಗೆ ಒಂದೊಂದು ಮೊಳವಾದರೂ ಸುತ್ತಬಾರದಿತ್ತೇ, ಗಾಜಿನ ಮನೆ, ಚಳಿ ಬೇರೆ ಎಂದರು. ಶ್ರಾವ್ಯ ಇದನ್ನು ಇಂಗ್ಲಿಷಿಗೆ ತಂದಾಗ ಕೆನ್ ಅಂಕಲ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಇನ್ನೊಂದು ಕಾರ್ಡಿನಲ್ಲಿ ಹಜಾರದ ನಟ್ಟನಡುವೆ ಎತ್ತರದ ಪೀಠ, ಅದರ ಮೇಲೆ ರಾಣಿಯ ವಿಗ್ರಹ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಹೂಜಿ, ಗಡಿಯಾರ, ಆನೆ, ಸಿಂಹ. ಅತ್ತೆ ಪೆಟ್ಟಿಗೆಯಿಂದ ಮುಖ ತೆಗೆದು, ಇದು ನಮ್ಮ ಗೊಂಬೆ ಕೂರಿಸೋದೇ ಅಲ್ವೇ, ಪಟ್ಟದ ಗೊಂಬೆ ಮೇಲೆ, ಪರಿವಾರ ಕೆಳಗೆ, ಆದರೆ ರಾಜನ್ನ ಎಲ್ಲಿಟ್ಟರು ಎಂದು ಕೇಳಿದರು. ಕೆನ್ ಅಂಕಲ್ ನೆಟ್ಟಗೆ ಕೂತರು. ನಿಮ್ಮ ಮನೆಯಲ್ಲಿ ಹೀಗೆ ಮಾಡುತ್ತೀರಾ, ಯಾವಾಗ, ನೋಡಬಹುದಾ, ಫೋಟೋ ತೆಗೆಯಬಹುದಾ ಎಂದು ಒಂದರ ಮೇಲೊಂದು ಪ್ರಶ್ನೆ. ವಿಗ್ರಹವೆಂದರೆ ಆಗಿನ ಫೋಟೋದವರಿಗೆ ಪ್ರಾಣವಂತೆ. ಬೆಳ್ಳಗಿರುತ್ತದೆ, ಕಣ್ಣು ಮಿಟುಕಿಸುವುದಿಲ್ಲ, ಇನ್ನೊಂದು ಪ್ರತಿ ಕೊಡಿ ಎಂದು ಪೀಡಿಸುವುದಿಲ್ಲ.

ಆಮೇಲೆ ಅತ್ತೆ, ಇಷ್ಟೊಂದು ಖರ್ಚು ಮಾಡಿದ್ದಾರೆ, ಪಾಪ, ಜನವೇ ಬರಲಿಲ್ಲವಾ ಎಂದು ಮರುಗಿದರು. ನಿಜ, ಅಷ್ಟು ದೊಡ್ಡ ಹಜಾರದಲ್ಲಿ ನರಪಿಳ್ಳೆ ಇರಲಿಲ್ಲ. ಕೆನ್ ಅಂಕಲ್ ನಗುತ್ತ ವಿವರಿಸಿದರು. ಜನ ಕಿಕ್ಕಿರಿದಿದ್ದರೂ ಇರಬಹುದು. ಆದರೆ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕಿತ್ತು. ನಡೆದಾಡಿದವರು ಹೊಗೆಯ ಹಾಗೆ ಅಳಿಸಿಹೋದರು. ನಿಂತದ್ದು ಮಾತ್ರ ಉಳಿಯಿತು. ಶ್ರಾವ್ಯ ಅದನ್ನು ಮುರುಕು ಕನ್ನಡದಲ್ಲಿ ಅಜ್ಜಿಗೆ ದಾಟಿಸಿದಳು, "ಶೇಕ್ ಆದ್ರೆ ಬರಲ್ಲ ಅಜ್ಜಿ. ಯು ಜಸ್ಟ್ ಡಿಸಪಿಯರ್."

ಅತ್ತೆ ಬಲಗೈಯನ್ನು ಮೆಲ್ಲಗೆ ಸೆರಗಿನ ಕೆಳಗೆ ಎಳೆದುಕೊಂಡರು. ನಾನು ನೋಡಿದೆ. ಕೆನ್ ಅಂಕಲ್ ಕೂಡ ನೋಡಿದರೆಂದು ಕಾಣುತ್ತದೆ. ಅವರು ಇನ್ನೊಂದು ಕೋಡುಬಳೆ ತೆಗೆದುಕೊಂಡು, ಇದರಲ್ಲಿ ಏನೇನು ಹಾಕುತ್ತೀರಿ ಎಂದು ಕೇಳಿದರು.

ಆ ಕೈ ನಡುಗಲು ಶುರುವಾಗಿ ಒಂದೆರಡು ವರ್ಷವಾಗಿತ್ತು. ನರದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಗಾಬರಿ ಬೇಡ, ನಿಧಾನದ ಕಾಯಿಲೆ ಎಂದಿದ್ದರು. ಹಿಂದಿನ ನವರಾತ್ರಿಯಲ್ಲಿ ರಾಣಿಯನ್ನು ಕೂರಿಸುವಾಗ ಕೈಜಾರಿ ಅವಳ ಮೂಗಿನ ತುದಿ ಮುಕ್ಕಾಯಿತು. ಯಾರೂ ಒಂದು ಮಾತು ಅನ್ನಲಿಲ್ಲ. ಅನ್ನದೆಯೇ, ಪ್ರೀತಿಯಿಂದಲೇ, ಒಂದೊಂದು ಕೆಲಸವನ್ನು ಅವರ ಕೈಯಿಂದ ತೆಗೆದುಕೊಂಡೆವು. ತರಕಾರಿ ಹೆಚ್ಚಲು ಕೂತರೆ ನಾನು ಈಳಿಗೆಮಣೆ ಎಳೆದುಕೊಳ್ಳುವೆ, ದೀಪಕ್ಕೆ ಎಣ್ಣೆ ಹಾಕಲು ಹೋದರೆ ಅವರ ಮಗ ಓಡಿಬರುವರು, ಹೂ ಕಟ್ಟಲು ಹೋದರೆ ಶ್ರಾವ್ಯ ದಾರ ಕಸಿದುಕೊಳ್ಳುವಳು. ಅಮ್ಮನಿಗೆ ವಿಶ್ರಾಂತಿ ಬೇಕು ಎಂಬುದು ಮನೆಯ ಮಂತ್ರವಾಯಿತು. ಅತ್ತೆ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಕೈಯಿಟ್ಟುಕೊಂಡು, ಆ ಕೈ ನಡುಗುವುದನ್ನು ತಾವೇ ನೋಡುತ್ತಿದ್ದರು. ಆ ವರ್ಷ ನವರಾತ್ರಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ದೇವರ ಮುಂದೆ ಕೂತಿದ್ದವರು ತಿರುಗಿ, ಇದೇ ಕೊನೆ, ಮುಂದಿನ ವರ್ಷಕ್ಕೆ ಪಟ್ಟದ ಗೊಂಬೆಯನ್ನು ಯಾವುದಾದರೂ ದೇವಸ್ಥಾನಕ್ಕೆ ಕೊಟ್ಟುಬಿಡೋಣ ಎಂದರು. ಅಂದು ನೆಂಟರ ಎದುರು ಗೆದ್ದ ಅತ್ತೆ ತಮ್ಮ ಕೈಯ ಎದುರು ಸೋತಿದ್ದರು. ನಾನು, ದೇವರೇ, ಈ ಗೊಂಬೆ ಮನೆಯಲ್ಲೇ ಇರಲಿ ಎಂದು ಬೇಡಿಕೊಂಡು ಒಲೆಯ ಕಡೆಗೆ ಹೋದೆ. ಪಾಡ್ಯದ ದಿನ ರಾಜ ರಾಣಿಯನ್ನು ನಾನೇ ಮೇಲೇರಿಸಿದೆ. ಅತ್ತೆ ಕೂತಲ್ಲಿಂದಲೇ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಂದರು.

ಕೆನ್ ಅಂಕಲ್ ಫೋಟೋ ತೆಗೆಯಲು ಒಂದು ದಿನ ಗೊತ್ತು ಮಾಡಿಕೊಂಡರು. ನಾನೂ ಯೋಚಿಸದೆ ಒಪ್ಪಿಕೊಂಡೆ. ಆಮೇಲೆ ನೋಡಿದರೆ ಅದು ಆಯುಧಪೂಜೆಯ ದಿನ. ಬೆಳಿಗ್ಗೆ ನಾವು ಕಾರು, ಮಿಕ್ಸಿ, ಲ್ಯಾಪ್‌ಟಾಪು, ನಮ್ಮವರ ಸ್ಪ್ಯಾನರುಗಳು ಎಲ್ಲಕ್ಕೂ ಕುಂಕುಮ ಹೂವು ಏರಿಸುತ್ತಿರುವಾಗ ಅವರು ಮರದ ಕ್ಯಾಮೆರಾವನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಬಂದ ಆಯುಧವನ್ನು ಬರಿದೇ ಬಿಡುವುದುಂಟೇ? ಅವರು ಬೆಳಕು ನೋಡಲು ಕಿಟಕಿಯ ಹತ್ತಿರ ಹೋಗಿ ಬರುವಷ್ಟರಲ್ಲಿ ಕ್ಯಾಮೆರಾದ ನೆತ್ತಿಗೆ ಸೇವಂತಿಗೆ, ಮೂರೂ ಕಾಲಿಗೆ ಅರಿಶಿನ, ಹಿತ್ತಾಳೆಯ ಮುಚ್ಚಳದ ನಡುವೆ ದುಂಡಗೆ ಕುಂಕುಮ, ಮುಂದೆ ನಿಂಬೆಹಣ್ಣು. ಮಂಗಳಾರತಿಯೂ ಆಗಿಹೋಯಿತು. ಕೆನ್ ಅಂಕಲ್ ತಿರುಗಿ ಬಂದು, ಬಗ್ಗಿ ಮುಚ್ಚಳದ ಕುಂಕುಮ ನೋಡಿದರು. ಆಮೇಲೆ, ಈ ಕ್ಯಾಮೆರಾಕ್ಕೆ ಇಷ್ಟು ಮರ್ಯಾದೆ ತಾನೂ ಕೊಟ್ಟಿರಲಿಲ್ಲ ಎಂದು, ಗಾಜಿಗೆ ಅಂಟು ಸುರಿದುಕೊಂಡು ಬರಲು ಶೆಡ್ಡಿಗೆ ಹೊರಟರು.

ಆಗ ಅತ್ತೆ ಕೈಯೆತ್ತಿ ತಡೆದರು. ಪೂಜೆ ಮಾಡಿದ ಆಯುಧವನ್ನು ಆ ದಿನ ಮುಟ್ಟುವ ಹಾಗಿಲ್ಲ. ಅದಕ್ಕೂ ರಜ ಬೇಕು, ವರ್ಷವಿಡೀ ದುಡಿದಿದೆ. ನಾಳೆ ವಿಜಯದಶಮಿ, ನಾಳೆ ಎತ್ತಿಕೊಳ್ಳಲಿ. ಬೆಳಗಿನಿಂದ ದ್ರಾವಣ ಸಿದ್ಧಮಾಡಿಕೊಂಡಿದ್ದ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದೆ. ಶ್ರಾವ್ಯ ಮುಲಾಜಿಲ್ಲದೆ ಹೇಳಿಬಿಟ್ಟಳು. ಕೆನ್ ಅಂಕಲ್ ಗಂಭೀರವಾಗಿ ತಲೆಯಾಡಿಸಿ, "ಫೇರ್ ಇನಫ್. ಯೂನಿಯನ್ ರೂಲ್ಸ್" ಎಂದರು. ಹೂ ಮುಡಿದ ಕ್ಯಾಮೆರಾ ನಮ್ಮ ನಡುಮನೆಯಲ್ಲೇ ಉಳಿಯಿತು. ಅವರು ಪಾಯಸ ಕುಡಿದು ಮನೆಗೆ ಹೋದರು.

ಮರುದಿನ ಕಿಟಕಿಯ ಪರದೆ ಪೂರ್ತಿ ಸರಿಸಿ, ಒಗೆದ ಬಿಳಿ ಬೆಡ್‌ಶೀಟನ್ನು ಒಂದು ಕಡೆ ಹಿಡಿದು ಬೆಳಕನ್ನು ಮೆಟ್ಟಿಲ ಮೇಲೆ ತಿರುಗಿಸಿದೆವು. ಬೆಡ್‌ಶೀಟು ಹಿಡಿದ ಕೋಲು ನಮ್ಮವರು. ಕೆನ್ ಅಂಕಲಿಗೆ ಗೊಂಬೆಗಳಷ್ಟೇ ಸಾಕಿತ್ತು. ಅಜ್ಜಿಯೂ ಇರಬೇಕು ಎಂದು ಹಟ ಹಿಡಿದವಳು ಶ್ರಾವ್ಯ. ಅತ್ತೆ ಬೇಡವೇ ಬೇಡ ಎಂದರು, ಆಮೇಲೆ ಮೊಮ್ಮಗಳ ಮುಖ ನೋಡಿ ಮೆಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಆರಾಮಾಗಿ, ಕೈ ಮಡಿಲಲ್ಲಿಟ್ಟು ಕೂತುಕೊಳ್ಳಿ ಎಂದು ನಾವೆಲ್ಲ ಒಂದೇ ದನಿಯಲ್ಲಿ ಹೇಳಿದೆವು. ಕೆನ್ ಅಂಕಲ್ ಮುಚ್ಚಳ ತೆಗೆದು, ತುಟಿಯೊಳಗೇ ಎಣಿಸಿ, ಮುಚ್ಚಿದರು. ಗಾಜನ್ನು ಮರದ ಚೌಕಟ್ಟಿನಲ್ಲಿ ಮುಚ್ಚಿಕೊಂಡು ಶೆಡ್ಡಿಗೆ ಓಡಿದರು. ಆ ವಯಸ್ಸಿಗೆ ಅದು ಓಟವೇ.

ಕೊನೆಯ ತೊಳೆತ ಬೆಳಕಿನಲ್ಲೇ ಆಗಬಹುದು. ಅದನ್ನು ತಟ್ಟೆಯಲ್ಲಿ ನಮ್ಮ ಮನೆಗೇ ತಂದರು. ಹಾಲಿನಂಥ ಮಬ್ಬು ಕರಗಿ ಗಾಜಿನೊಳಗಿನಿಂದ ಗೊಂಬೆಗಳು ಎದ್ದುಬಂದವು. ಎಂಥ ಗೊಂಬೆಗಳು ಅಂತೀರಿ! ಆ ಅಂಟಿಗೆ ನೀಲಿಯೆಲ್ಲ ಬಿಳಿ, ಕೆಂಪೆಲ್ಲ ಕಪ್ಪು. ನಮ್ಮ ನೀಲಿ ಕೃಷ್ಣ ಅಮೃತಶಿಲೆಯವನಾಗಿ ಲಂಡನ್ನಿನ ಹಜಾರಕ್ಕೆ ಹೊರಟವನಂತೆ ನಿಂತಿದ್ದ. ಕೆಂಪು ಮುಂಡಾಸಿನ ಶೆಟ್ಟರು ಇದ್ದಿಲ ವ್ಯಾಪಾರಿಯಾಗಿದ್ದರು. ನಾವು ನಗುತ್ತ ಬಗ್ಗಿ ನೋಡುತ್ತಿದ್ದೆವು. ಅತ್ತೆ ನಗಲಿಲ್ಲ. ಅವರ ಮುಖ ಸ್ಪಷ್ಟವಾಗಿತ್ತು, ಸೀರೆಯ ನೆರಿಗೆ ಸ್ಪಷ್ಟವಾಗಿತ್ತು. ಮಡಿಲಲ್ಲಿ, ಬಲಗೈ ಇರಬೇಕಾದ ಕಡೆ ಒಂದು ಹಿಡಿ ಹೊಗೆ.

ಪರವಾಗಿಲ್ಲಮ್ಮ, ಮುಖ ಚೆನ್ನಾಗಿ ಬಂದಿದೆ ಎಂದರು ನಮ್ಮವರು. ಕೈ ಕಾಣದ ಹಾಗೆ ಶಾಲು ಹೊದಿಸಿ ಇನ್ನೊಂದು ತೆಗೆಯಬಹುದು ಎಂದೆ ನಾನು. ಅತ್ತೆ ಆ ಗಾಜನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಮೆಟ್ಟಿಲಿನ ಹತ್ತಿರ ಹೋಗಿ, ಮೇಲಿನಿಂದ ರಾಣಿಯನ್ನು ಎತ್ತಿಕೊಂಡರು. ನನ್ನ ಕೈ ರೂಢಿಯಂತೆ ಮುಂದಕ್ಕೆ ಹೋಯಿತು.

"ತೆಗಿ ಕೈನ" ಎಂದರು ಅತ್ತೆ. ಸಿಟ್ಟಿರಲಿಲ್ಲ. "ಅವರ ಕ್ಯಾಮೆರಾಕ್ಕೆ ವರ್ಷಕ್ಕೆ ಒಂದು ದಿನ ರಜ. ನನ್ನ ಕೈಗೆ ನೀವು ವರ್ಷಪೂರ್ತಿ ರಜ ಕೊಟ್ಬಿಟ್ಟಿದ್ದೀರಿ. ಅದಕ್ಕೇ ಅದು ಅಲ್ಲಾಡ್ತಿರೋದು, ಕೆಲಸ ಹುಡುಕ್ಕೊಂಡು."

ನಾನು ಅತ್ತೆಯ ಕೈಯಲ್ಲಿದ್ದ ರಾಣಿಯನ್ನು ನೋಡಿದೆ. ಅವಳ ಕಿವಿಯ ಜುಮುಕಿ ಅಲುಗುತ್ತಿರಲಿಲ್ಲ.

ನಮ್ಮವರು ಬೆಡ್‌ಶೀಟನ್ನು ಮತ್ತೆ ಎತ್ತಿ, ಇನ್ನೂ ಎತ್ತರಕ್ಕೆ ಹಿಡಿದರು. ಕೆನ್ ಅಂಕಲ್ ಹೊಸ ಗಾಜು ತರಲು ಹೊರಟರು. ಅವರು ಬರುವವರೆಗೆ ಅತ್ತೆ ರಾಣಿಯ ಸೀರೆಯ ನೆರಿಗೆಯನ್ನು ಬಿಚ್ಚಿ ಮತ್ತೆ ಉಡಿಸಿದರು. ನಾನು ಕಟ್ಟಿದ್ದು ಅವರಿಗೆ ಮೊದಲ ದಿನದಿಂದ ಸರಿಕಂಡಿರಲಿಲ್ಲವೆಂದು ಆಗ ತಿಳಿಯಿತು. ಕೆನ್ ಅಂಕಲ್ ಬಂದು, ಮೊಣಕೈಯನ್ನು ಮೆಟ್ಟಿಲ ಅಂಚಿಗೆ ಊರಿಕೊಳ್ಳಿ, ಆಗಿನವರೂ ಏನಾದರೊಂದು ಆಧಾರ ಕೊಡುತ್ತಿದ್ದರು ಎಂದು ಶ್ರಾವ್ಯಳಿಂದ ಹೇಳಿಸಿದರು. ಎಷ್ಟು ಹೊತ್ತು ನಿಲ್ಲಬೇಕೆಂದು ಅತ್ತೆ ಕೇಳಿದರು. ಕೆನ್ ಅಂಕಲ್ ಕೈಗಡಿಯಾರ ತೋರಿಸಿದರು. ಅತ್ತೆ ನೋಡಿ, ನಿಧಾನವಾಗಿ ಹೇಳಿದರೆ ದೇವಿಯದು ಒಂದು ಶ್ಲೋಕ ಎಂದು ಲೆಕ್ಕ ಹಾಕಿಕೊಂಡರು. ಕೆನ್ ಅಂಕಲ್ ಮುಚ್ಚಳ ತೆಗೆದರು. ನಾನೂ ಅಲುಗದೆ ನಿಂತಿದ್ದೆ. ಫೋಟೋ ತೆಗೆಯುತ್ತಿರುವುದು ನನ್ನದಲ್ಲ ಎಂಬುದು ಮರೆತುಹೋಗಿತ್ತು.

ಎರಡನೆಯ ಗಾಜಿನಲ್ಲಿ ಕೈ ಇತ್ತು. ಬೆರಳು, ಬಳೆ, ಉಬ್ಬಿದ ನರ, ರಾಣಿಯ ಸೊಂಟ ಹಿಡಿದ ಹೆಬ್ಬೆರಳಿನ ಉಗುರು, ಎಲ್ಲ ಇತ್ತು. ಮಸುಕಾದದ್ದು ತುಟಿ ಮಾತ್ರ, ಶ್ಲೋಕದಿಂದ. ಕೆನ್ ಅಂಕಲ್ ಅದಕ್ಕೆ ಕ್ಷಮೆ ಕೇಳಿದರು. ಅದು ಹಾಗೇ ಇರಬೇಕು ಎಂದೆ ನಾನು. ಅತ್ತೆಯ ತಕರಾರು ಬೇರೆ ಇತ್ತು, ಕನ್ನಡಿಯಲ್ಲಿ ಕಂಡಂತೆ ಬಲ ಎಡವಾಗಿ, ತಾವು ಎಡಗೈಯಲ್ಲಿ ದೇವರ ಕೆಲಸ ಮಾಡುತ್ತಿರುವ ಹಾಗಿತ್ತು. ಮುಂದಿನ ಸಲ ಸರಿಯಾಗಿ ತೆಗೆಯಲಿ ಎಂದರು. ಮುಂದಿನ ಸಲ ಎಂಬ ಮಾತನ್ನು ನಾನು ಕೇಳಿಸಿಕೊಂಡೆ. ಯಾರಿಗೂ ತೋರಿಸದೆ ಗಟ್ಟಿಯಾಗಿ ಹಿಡಿದುಕೊಂಡೆ.

ನಾಲ್ಕು ದಿನ ಬಿಟ್ಟು ಕೆನ್ ಅಂಕಲ್ ಗಾಜಿಗೆ ವಾರ್ನಿಷ್ ಮಾಡಿ ತಂದುಕೊಟ್ಟರು. ಅದರಲ್ಲಿ ಲ್ಯಾವೆಂಡರ್ ಎಣ್ಣೆ ಸೇರಿಸುತ್ತಾರಂತೆ. ದೇವರ ಮನೆ ಒಂದು ವಾರ ಬೇರೆಯೇ ಪರಿಮಳದಲ್ಲಿತ್ತು. ಡಾಕ್ಟರನ್ನು ಕೇಳಿದಾಗ, ಕೆಲವರಿಗೆ ಹಾಗಿರುತ್ತದೆ, ಸುಮ್ಮನಿದ್ದಾಗ ನಡುಗುವ ಕೈ ಏನಾದರೂ ಹಿಡಿದಾಗ ಕೊಂಚ ಸುಮ್ಮನಾಗುತ್ತದೆ ಎಂದರು. ಎಲ್ಲ ಕೆಲಸಕ್ಕೂ ಅಲ್ಲ, ಎಲ್ಲ ದಿನವೂ ಅಲ್ಲ. ಈಳಿಗೆಮಣೆ ಇವತ್ತಿಗೂ ನನ್ನ ಹತ್ತಿರವೇ ಇದೆ. ಆದರೆ ಎಣ್ಣೆ ಅವರದು, ಹೂವು ಅವರದು, ರಾಜ ರಾಣಿ ಅವರದು. ನಡುವೆ ಒಂದು ಆನೆಯ ಸೊಂಡಿಲು ಹೋಯಿತು. ಫೆವಿಕಾಲ್ ಇದೆ.

ಬ್ರಿಸ್ಬೇನಿಗೆ ಹೊರಟ ದಿನ ಕೆನ್ ಅಂಕಲ್ ಗಾಜಿನ ಫೋಟೋವನ್ನು ಹಳೆಯ ಉಣ್ಣೆಯಲ್ಲಿ ಸುತ್ತಿ, ತಾವೇ ಮಾಡಿದ ಮರದ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಕೆಲವೊಮ್ಮೆ ಫೋನು ಮಾಡುತ್ತಾರೆ. ಪ್ರತಿ ಆಯುಧಪೂಜೆಯಂದು ಅವರ ಕ್ಯಾಮೆರಾಕ್ಕೆ ರಜವಂತೆ. ಅವರು ಅಂದು ಮೀನು ಹಿಡಿಯಲು ಹೋಗುತ್ತಾರಂತೆ. ಆ ಎರಡನೆಯ ಮಾತನ್ನು ನಾನು ಅತ್ತೆಗೆ ದಾಟಿಸಿಲ್ಲ.

ನೋಡಿ, ಮಾತಾಡುತ್ತ ಬಟ್ಟೆ ಮುಗಿಯಿತು, ಬೆಲ್ಲೂ ಆಯಿತು. ಊರಿನ ಇನ್ನೊಂದು ತುದಿಯ ಸನ್ನಿಬ್ಯಾಂಕಿನಿಂದ ಗಂಡ ಹೆಂಡತಿ ಬಂದಿದ್ದಾರೆ, ಬೆಂಗಳೂರಿನಿಂದ ಹೊಸದಾಗಿ ಬಂದವರು, ಗಂಡ ನಮ್ಮವರ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗ. ದಾರಿಯಲ್ಲಿ ಕೊಂಡ ತೊಂಡೆಕಾಯಿಯನ್ನು ಆ ಹುಡುಗಿ ನನ್ನ ಕೈಗಿಟ್ಟಳು. ಒಳ್ಳೆಯ ಹುಡುಗಿ. ಕುಶಲ ಕೇಳಿ ಮುಗಿಯುವಷ್ಟರಲ್ಲಿ ಅಡುಗೆಮನೆಯಿಂದ ಲೋಟ ತಾಗುವ ಸದ್ದು ಬಂತು. ಅತ್ತೆ ಕಾಫಿ ಬೆರೆಸುತ್ತಿದ್ದಾರೆ. ಈಚೆಗೆ ಕೈ ಮೊದಲಿನಷ್ಟು ಮಾತು ಕೇಳುವುದಿಲ್ಲ. ಸದ್ದು ಸ್ವಲ್ಪ ಜಾಸ್ತಿಯೇ ಇತ್ತು. ಹುಡುಗಿ ಬಾಗಿಲಿನಿಂದ ಇಣುಕಿ ನೋಡಿ, ಗಾಬರಿಯಾಗಿ, "ಅಯ್ಯೋ, ಅಜ್ಜಿ ಯಾಕೆ ಮಾಡ್ತಿದ್ದಾರೆ ಆಂಟಿ, ನಾನು ತರ್ತೀನಿ ಬಿಡಿ" ಎಂದು ಎದ್ದಳು.

ನಾನು ಅವಳ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ. "ಕೂತ್ಕೋಮ್ಮ. ಅವರು ತರ್ತಾರೆ" ಎಂದೆ.

ಅವಳಿಗೆ ಅದು ಮುಜುಗರವೆನಿಸಿತು, ಮುಖದಲ್ಲೇ ಗೊತ್ತಾಗುತ್ತಿತ್ತು. ಇಂಥ ಸೊಸೆಯೂ ಇರುತ್ತಾಳಾ ಎಂದು ನನ್ನ ಬಗ್ಗೆ ಮನೆಗೆ ಹೋಗುವಾಗ ಕಾರಿನಲ್ಲಿ ಗಂಡನ ಹತ್ತಿರ ಹೇಳಿಯಾಳು, ಹೇಳಲಿ. ಅಡುಗೆಮನೆಯಿಂದ ನಮ್ಮ ಸೋಫಾದವರೆಗೆ ಹೆಚ್ಚು ದೂರವಿಲ್ಲ. ಆದರೂ ಅತ್ತೆ ಬರಲು ಹೊತ್ತು ಹಿಡಿಯಿತು, ಕಣ್ಣು ಲೋಟದ ಮೇಲೆ, ತುಟಿ ಶ್ಲೋಕ ಹೇಳುವಂತೆ ಅಲುಗುತ್ತಿತ್ತು. ನಾವೆಲ್ಲ ಮಾತಾಡುತ್ತಲೇ ಇದ್ದೆವು. ಹುಡುಗಿ ಎರಡೂ ಕೈ ಚಾಚಿ ಬಟ್ಟಲು ಸಮೇತ ತೆಗೆದುಕೊಂಡಳು. ಕಾಫಿ ಬಟ್ಟಲಿಗೆ ಸ್ವಲ್ಪ ಚೆಲ್ಲಿತ್ತು. ಅವಳು ಲೋಟದ್ದನ್ನು ಕುಡಿದು ಮುಗಿಸಿ, ಬಟ್ಟಲನ್ನೂ ಎತ್ತಿ ಕುಡಿದಳು.